ಸೊಸೆಯ ಮೂಗಾಗಿ ಹೋದ ದಸರೆ

ಮೊನ್ನೆ ನವರಾತ್ರಿಯಲ್ಲಿ ಬಾರಾಮತಿ ಕಡೆಯ ಒಂದು ಮನೆಯಲ್ಲಿ ಅರಿಷಿಣ ಕುಂಕುಮಕ್ಕೆ ಕುಳಿತಿದ್ದೆ. ಗೋಡೆಗುಂಟ ಹಾಸಿದ ಜಮಖಾನೆಯ ಮೇಲೆ ಮುತ್ತೈದೆಯರ ಸಾಲು, ನನ್ನ ಮಗ್ಗುಲಲ್ಲಿ ಸೊಸೆ ಮೇಧಾ. ಮನೆಯೊಡತಿ ಮೋಹಿತೆ ವಹಿನಿ, ಎಂದರೆ ಮೋಹಿತೆ ಅತ್ತಿಗೆ, ಸಾಲಿನ ಆ ತುದಿಯಿಂದ ಶುರು ಮಾಡಿದ್ದರು. ಹಣೆಗೆ ಕುಂಕುಮ, ಉಡಿಗೆ ತೆಂಗಿನಕಾಯಿ, ಕೊನೆಗೆ ಬೆಳ್ಳಿಯ ಅತ್ತರದಾನಿಯಿಂದ ಹಿಂಗೈಗೆ ಒಂದೆಳೆ ಅತ್ತರು. ಆ ಹೀನಾ ಅತ್ತರಿನ ವಾಸನೆ ಅವರಿಗಿಂತ ಮೊದಲು ನನ್ನ ಹತ್ತಿರ ಬಂದು ಕುಳಿತಿತು. ಬೇರೆಯವರಿಗೆ ಅದರಿಂದ ಮದುವೆ ಮುಂಜಿವೆ ನೆನಪಾಗುತ್ತವೆ. ನನಗೆ ಹಾಗಲ್ಲ. ಹೋದ ವರ್ಷ ಇದೇ ಜಮಖಾನೆಯ ಮೇಲೆ ಹಚ್ಚಿದ ಇದೇ ಅತ್ತರು ನಮ್ಮಿಬ್ಬರ ಮಾನ ಹರಾಜು ಹಾಕಿತ್ತು.

ಮೇಧಾಳ ಕೈಗಳು ತೊಡೆಯ ಮೇಲಿದ್ದವು. ನಾನು ಅವುಗಳನ್ನೇ ನೋಡುತ್ತ ಕುಳಿತೆ.

ಮೇಧಾ ಹುಬ್ಬಳ್ಳಿಯ ಹುಡುಗಿ. ಅವಳ ಕೆಲಸ ಮೂಸುವುದು. ಹಾಗೆಂದರೆ ಅವಳಿಗೆ ಸಿಟ್ಟು ಬರುತ್ತದೆ, ಬರಲಿ. ಪುಣೆಯ ಒಂದು ಮದ್ಯದ ಕಂಪನಿಯಲ್ಲಿ ಅವಳು ಬ್ಲೆಂಡರ್. ಬೇರೆ ಬೇರೆ ಡಿಸ್ಟಿಲರಿಗಳ ಪೀಪಾಯಿಗಳಲ್ಲಿ ಹಣ್ಣಾದ ವಿಸ್ಕಿಯನ್ನು ಮೂಸಿ, ಯಾವುದಕ್ಕೆ ಯಾವುದು ಎಷ್ಟು ಕೂಡಿಸಬೇಕೆಂದು ಹೇಳುವವಳು. ಕುಡಿಯುವುದಿಲ್ಲ, ನಾಲಿಗೆಗೆ ಮುಟ್ಟಿಸಿದರೂ ಉಗುಳುತ್ತಾಳೆ. ನನ್ನ ಮಗ ಪ್ರಹ್ಲಾದ ಇವಳನ್ನು ಮಾಡಿಕೊಂಡ ಹೊಸತರಲ್ಲಿ ನಮ್ಮ ಯಜಮಾನರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. "ಆಘ್ರಾಣಂ ಅರ್ಧಭೋಜನಂ ಅಂತಾರ. ಅಂದ್ರ ನಮ್ಮ ಸೊಸಿ ದಿನಾ ಅರ್ಧಾ ಕುಡದಂಗ ಆತಲ್ಲ?" ಎಂದರು. "ಅರ್ಧಾ ಇಲ್ರಿ ಮಾವಾ, ಉಗುಳತೇನಲ್ಲಾ, ಪಾವು ಅಂತ ಹಿಡೀರಿ" ಎಂದಳು ಈಕೆ. ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ನನಗೆ ಕಷ್ಟವಾದದ್ದು ಬೇರೆ. ಮನೆಗೆ ಬಂದ ಸೊಸೆ ಹೂ ಮುಡಿಯಲಿಲ್ಲ. ಅವಳ ಸೋಪಿಗೆ ವಾಸನೆಯಿಲ್ಲ, ಎಣ್ಣೆಗೆ ವಾಸನೆಯಿಲ್ಲ. ಅವಳು ಕೆಲಸಕ್ಕೆ ಹೊರಡುವ ತನಕ ಮನೆಯಲ್ಲಿ ಊದಿನಕಡ್ಡಿ ಹಚ್ಚುವಂತಿಲ್ಲ. ಮೂಸುವ ಕೋಣೆಯೊಳಗೆ ಬೇರೆ ಯಾವ ವಾಸನೆಯೂ ಹೋಗಬಾರದಂತೆ. ನಮ್ಮ ಸೊಸೈಟಿಯಲ್ಲೇ ಒಬ್ಬರ ಮನೆಯಲ್ಲಿ ಅತ್ತರು ಹಚ್ಚಲು ಬಂದಾಗ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಿದ್ದಳು. ಅವತ್ತು ಮನೆಗೆ ಬಂದು ಅವಳಿಗೆ ಚೆನ್ನಾಗಿ ಬೈದೆ. "ಆ ವಾಸನಿ ಎರಡು ದಿನಾ ಹೋಗೂದಿಲ್ರಿ ಅತ್ಯಾ" ಎಂದಳು, ಅಷ್ಟೇ.

ಅವಳ ಮೂಗಿನ ಬಗ್ಗೆ ಒಳಗೊಳಗೆ ನನಗೆ ಹೆಮ್ಮೆಯೂ ಇತ್ತು. ನಮ್ಮ ಮನೆ ಪುಣೆಯ ಮಾರ್ಕೆಟ್ ಯಾರ್ಡ್‌ನಿಂದ ದೂರವಿಲ್ಲ. ಗಾಳಿ ಈ ಕಡೆ ಬೀಸಿದರೆ ಗ್ಯಾಲರಿಯಲ್ಲಿ ನಿಂತು, ಇವತ್ತು ಹೊಸ ಉಳ್ಳಾಗಡ್ಡಿ ಬಂದಿದೆ, ಇವತ್ತು ಚೆಂಡು ಹೂವಿನ ಲಾರಿ ಬಂದಿದೆ ಎಂದು ಹೇಳುತ್ತಿದ್ದಳು. ನಾನು ಚೀಲ ಹಿಡಿದು ಹೋಗಿ ನೋಡಿದರೆ ಅದು ನಿಜವಾಗಿರುತ್ತಿತ್ತು.

ಹೋದ ವರ್ಷ ಆಷಾಢದಲ್ಲಿ ಅವಳಿಗೆ ಜ್ವರ ಬಂತು. ಮನೆಯವರಿಗೆಲ್ಲ ಬಂದು ಹೋದ ಜ್ವರವೇ. ನಮ್ಮದು ಹೋಯಿತು, ಅವಳದೂ ಹೋಯಿತು, ಹೋಗುವಾಗ ಒಂದು ವಸ್ತುವನ್ನು ಜೊತೆಗೆ ಒಯ್ದಿತ್ತು. ಅದು ನನಗೆ ತಿಳಿದದ್ದು ಒಂದು ಶುಕ್ರವಾರ, ಬೆಣ್ಣೆ ಕಾಯಿಸುವಾಗ. ನಮ್ಮಲ್ಲಿ ತುಪ್ಪವಾಯಿತೋ ಇಲ್ಲವೋ ಎಂದು ಯಾರೂ ಪಾತ್ರೆಯಲ್ಲಿ ಇಣುಕುವುದಿಲ್ಲ. ವಾಸನೆ ತಿರುಗಿದ ಕೂಡಲೇ ಎದ್ದು ಹೋಗಿ ವೀಳ್ಯದೆಲೆ ಹಾಕಿ ಇಳಿಸುತ್ತೇವೆ. ಅವತ್ತು ನಾನು ಸ್ನಾನಕ್ಕೆ ಹೋಗುತ್ತ "ತುಪ್ಪದ ಕಡೆ ಲಕ್ಷ್ಯ ಇರಲಿ" ಎಂದು ಅವಳಿಗೆ ಹೇಳಿ ಹೋಗಿದ್ದೆ. ಬಚ್ಚಲಿನೊಳಗೇ ಹೊತ್ತಿದ ವಾಸನೆ ಬಂತು. ಒದ್ದೆ ಕೂದಲಲ್ಲೇ ಓಡಿ ಬಂದರೆ, ಮೇಧಾ ಒಲೆಗೆ ಬೆನ್ನು ಮಾಡಿ ನಿಂತು ಫೋನ್ ನೋಡುತ್ತಿದ್ದಾಳೆ. ಅವಳ ಹಿಂದೆ ತುಪ್ಪ ಕರಿ ಟಾರಿನಂತಾಗಿ ಹೊಗೆಯಾಡುತ್ತಿದೆ.

ಒಲೆ ಆರಿಸಿದೆ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಪಾತ್ರೆಯತ್ತ ತಿರುಗಿದಳು.

"ಅತ್ಯಾ, ನನಗ ಏನೂ ವಾಸನಿ ಬರವಲ್ತು" ಎಂದಳು. "ಜ್ವರಾ ಬಿಟ್ಟಾಗಿಂದ ಬರವಲ್ತು. ಯಾರಿಗೂ ಹೇಳಬ್ಯಾಡ್ರಿ. ಅವರಿಗೂ ಬ್ಯಾಡ."

ಗಂಡನಿಗೂ ಹೇಳದ್ದು ಯಾಕೆಂದು ಆಮೇಲೆ ತಿಳಿಯಿತು. ಕಂಪನಿಯ ಮುಖ್ಯ ಬ್ಲೆಂಡರ್ ಇನಾಮದಾರ ಸರ್, ಅವಳಿಗೆ ಈ ವಿದ್ಯೆ ಕಲಿಸಿದ ಗುರು, ದೀಪಾವಳಿಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ಮೇಧಾಳಿಗೆ ಎಂದು ಎಲ್ಲರ ಬಾಯಲ್ಲೂ ಇತ್ತು. ಆ ಕುರ್ಚಿಗಾಗಿ ಅವಳು ಏನೇನು ಬಿಟ್ಟಿದ್ದಳೆಂದು ನನಗೆ ಗೊತ್ತು. ಕೆಲಸದ ದಿನ ಒಗ್ಗರಣೆ ಹಾಕಿದ್ದನ್ನು ತಿನ್ನುತ್ತಿರಲಿಲ್ಲ, ಹಸಿ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ. ಪ್ರಹ್ಲಾದನಿಗೆ ಹೇಳಿದರೆ ಅವನು ಕೆಲಸ ಬಿಡು, ಬೇರೆ ನೋಡೋಣ ಎನ್ನುವವನೇ. ಡಾಕ್ಟರು, ಬಂದರೂ ಬರಬಹುದು, ಕಾಯಿರಿ ಎಂದಿದ್ದರು. ಅವಳಿಗೆ ಕಾಯಲು ಹೊತ್ತಿರಲಿಲ್ಲ.

ಮಳೆ ಹಿಂದೆಗೆದ ಮೇಲೆ, ದಸರೆಯ ರಜೆಯಲ್ಲಿ ಅವಳು ಪ್ರತಿ ವರ್ಷ ಡಿಸ್ಟಿಲರಿಗಳಿಗೆ ಹೋಗಿಬರುವ ವಾಡಿಕೆ. ಅರ್ಧ ತಿರುಗಾಟ, ಅರ್ಧ ಕೆಲಸ: ಮುಂದಿನ ವರ್ಷಕ್ಕೆ ಬೇಕಾದ ಪೀಪಾಯಿಗಳನ್ನು ಮೂಸಿ ಆರಿಸಬೇಕು. ಹೋದ ವರ್ಷ ನಾಶಿಕದ ಕಡೆಯ ಒಂದು, ಬಾರಾಮತಿ ದಾಟಿ ಇನ್ನೊಂದು. ಎರಡನೆಯದಕ್ಕೆ ಇನಾಮದಾರ ಸರ್ ಕೂಡ ಬರುವವರಿದ್ದರು.

ನವರಾತ್ರಿ ಶುರುವಾಗುವ ಘಟಸ್ಥಾಪನೆಯ ದಿನ ನಾನು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ಬಂದು ಪಕ್ಕದಲ್ಲಿ ಕುಳಿತಳು. "ಅತ್ಯಾ, ನೀವೂ ನನ್ನ ಜೋಡಿ ಬರ್ರಿ. ನಿಮ್ಮ ಮೂಗು ಚುರುಕು ಅದ. ನೀವು ಮೂಸಿ ಹೇಳ್ರಿ, ನಾ ತಿಳಕೋತೇನಿ. ನಾಶಿಕದಾಗ ಯಾರಿಗೂ ಕನ್ನಡ ಬರೂದಿಲ್ಲ."

ಭೂಗೋಳ ಕಲಿಸಿ ನಿವೃತ್ತಳಾದ ನಾನು, ಏಕಾದಶಿಗೆ ನೀರು ಸಹ ಯೋಚಿಸಿ ಕುಡಿಯುವವಳು, ನವರಾತ್ರಿಯಲ್ಲಿ ಹೆಂಡ ಮೂಸಲು ಒಪ್ಪಿದೆ. ದೇವರ ಮುಂದೆ ಕುಳಿತೇ ಒಪ್ಪಿದೆ. ಯಜಮಾನರಿಗೆ, ನಾನು ಹೋಗುವುದು ದಾರಿಯ ತ್ರ್ಯಂಬಕೇಶ್ವರ ಮತ್ತು ಮೋರಗಾಂವ ಗಣಪತಿಗೆ ಎಂದು ಹೇಳಿದೆವು. ಸುಳ್ಳಾಗಬಾರದೆಂದು ಎರಡೂ ಕಡೆ ದರ್ಶನ ಮಾಡಿಯೇ ಮುಂದೆ ಹೋದೆವು.

ನಾಶಿಕದಲ್ಲಿ ಪೀಪಾಯಿಗಳ ಗೋದಾಮು ಕತ್ತಲು ಕತ್ತಲಾಗಿ, ತಣ್ಣಗಿತ್ತು. ಅಲ್ಲಿಯ ಮ್ಯಾನೇಜರು ಉದ್ದ ನಳಿಗೆಯಿಂದ ಪೀಪಾಯಿಯೊಳಗಿನದನ್ನು ಎಳೆದು ಗ್ಲಾಸಿಗೆ ಬಿಡುವುದು, ಮೇಧಾ ಮೂಸಿದಂತೆ ಮಾಡಿ "ನಮ್ಮ ಸಾಸೂಬಾಯಿಗೂ ತೋರಿಸ್ತೇನೆ" ಎಂದು ಮರಾಠಿಯಲ್ಲಿ ಹೇಳಿ ನಕ್ಕು, ಅತ್ತೆಯಾದ ನನಗೆ ಕೊಡುವುದು. ನಾನು ಮೂಸಿ, ಸೆರಗನ್ನು ಮೂಗಿಗೆ ಒತ್ತಿ, ಅಸಹ್ಯ ಪಟ್ಟವಳಂತೆ ಕನ್ನಡದಲ್ಲಿ ಬೈಯುವುದು. ಆ ಬೈಗಳೇ ಅವಳಿಗೆ ಬೇಕಾದ ಉತ್ತರ.

"ಛೀ, ಇದೇನು ತಳಾ ಹಿಡದ ಬೆಲ್ಲದ ಪಾಕ ಇದ್ದಂಗ ಅದ!"

ಮೇಧಾ ತಲೆಯಾಡಿಸಿ ಇಂಗ್ಲಿಷಿನಲ್ಲಿ ಏನೋ ಚಂದದ ಶಬ್ದ ಹೇಳಿದಳು. ಮ್ಯಾನೇಜರು ಸಂತೋಷಪಟ್ಟರು.

"ಅಯ್ಯ, ಇದು ಮಳಿಯಾಗ ತೊಯ್ಸಿದ ಗೋಣಿಚೀಲ. ಮ್ಯಾಲೆ ಒಂಚೂರು ಹುಣಸಿಹಣ್ಣು."

ಆ ಪೀಪಾಯಿ ಬೇಡವೆಂದಳು. ಮ್ಯಾನೇಜರು ನನ್ನತ್ತ ನೋಡಿ, "ಸಾಸೂಬಾಯಿಗೆ ಒಂದೂ ಹಿಡಿಸಲಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಪರೀಕ್ಷೆಯ ಹಾಲಿನಲ್ಲಿ ಕಾಪಿ ಹೊಡೆಯುವ ಹುಡುಗರನ್ನು ಕಿವಿ ಹಿಡಿದು ಎಬ್ಬಿಸಿದವಳು ನಾನು. ಕಾಪಿ ಹೇಳಿಕೊಡುವವರಿಗೂ ಅಷ್ಟೇ ಎದೆ ಹೊಡೆದುಕೊಳ್ಳುತ್ತದೆಂದು ಆಗ ಗೊತ್ತಿರಲಿಲ್ಲ.

ಬಾರಾಮತಿಗೆ ಹೋಗುವಾಗ ಮೇಧಾಳೇ ಕಾರು ನಡೆಸುತ್ತಿದ್ದಳು. ರಸ್ತೆಯ ಎರಡೂ ಕಡೆ ಆಳೆತ್ತರದ ಕಬ್ಬು, ಗರಿಗಳ ಮೇಲೆ ಹಿಂಗಾರಿನ ಬಿಸಿಲು. ಸಕ್ಕರೆ ಕಾರ್ಖಾನೆಗಳ ಹತ್ತಿರ ಬಂದಂತೆ ಹುಳಿತ ಕಾಕಂಬಿಯ ವಾಸನೆ ಕಾರಿನೊಳಗೆ ನುಗ್ಗಿತು. ಮುಂದಿನ ಗಾಡಿಗಳೆಲ್ಲ ಗಾಜು ಏರಿಸಿಕೊಂಡವು. ಇವಳು ನಾಲ್ಕೂ ಗಾಜು ಇಳಿಸಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡಳು. ನನಗೆ ವಾಂತಿ ಬರುವಂತಿತ್ತು. ಬಾಯಿ ಮುಚ್ಚಿ ಕುಳಿತೆ. ಕಣ್ಣು ತೆರೆದು, "ಬಂದದೇನ್ರಿ ವಾಸನಿ?" ಎಂದು ನನ್ನನ್ನೇ ಕೇಳಿದಳು. ಬಂದಿದೆ ಎಂದೆ. ಗಾಜು ಏರಿಸಿ ಗಾಡಿ ಬಿಟ್ಟಳು.

ಆಗ ಇನ್ನೊಂದು ಮಾತು ಹೇಳಿದಳು, ನನ್ನ ಜೀವ ಅರ್ಧವಾಯಿತು. ಇನಾಮದಾರ ಸರ್ ಬೆಳಗಾವಿಯವರಂತೆ. ಮನೆ ಮಾತು ಮರಾಠಿಯಾದರೂ ಕನ್ನಡ ನೀರು ಕುಡಿದಂತೆ ಮಾತಾಡುತ್ತಾರಂತೆ.

"ಹಂಗಾದ್ರ ನಾ ಹೆಂಗ ಹೇಳಲಿ?"

"ಕಣ್ಣಾಗ ಹೇಳ್ರಿ. ಛಲೋ ಇದ್ರ ಬಳಿ ತಿರುವ್ರಿ, ಇಲ್ಲಂದ್ರ ಸೆರಗು ಹೊದ್ಕೋರಿ."

ಡಿಸ್ಟಿಲರಿಯ ಆವರಣದೊಳಗೇ ಮ್ಯಾನೇಜರ್ ಮೋಹಿತೆಯವರ ಬಂಗಲೆ. ಗೇಟಿನಲ್ಲೇ ಅವರ ಹೆಂಡತಿ ನಮ್ಮನ್ನು ಹಿಡಿದರು. "ಯಾ ಯಾ, ಒಳಗೆ ಬನ್ನಿ! ನವರಾತ್ರಿಯಲ್ಲಿ ಇಬ್ಬರು ಮುತ್ತೈದೆಯರು ಬಾಗಿಲಿಗೆ ಬಂದು ಹಾಗೇ ಹೋಗುವುದುಂಟೇ?" ಎಂದು ಒಳಗೆ ಕರೆದೊಯ್ದು ಜಮಖಾನೆಯ ಮೇಲೆ ಕೂರಿಸಿದರು. ಬೇಡ ಎನ್ನುವ ಮಾತು ಆ ದಿನಗಳಲ್ಲಿ ಯಾವ ಹೆಣ್ಣಿನ ಬಾಯಲ್ಲೂ ಬರುವುದಿಲ್ಲ. ನನಗೆ ಕುಂಕುಮವಾಯಿತು, ಅತ್ತರಾಯಿತು. ಉಡಿಯಲ್ಲಿ ಬಿದ್ದ ತೆಂಗಿನಕಾಯಿ ಜಾರದಂತೆ ಸೆರಗು ಬಿಗಿಹಿಡಿದು ದೇವರಿಗೆ ನಮಸ್ಕಾರ ಮಾಡಿ ತಿರುಗುತ್ತೇನೆ, ಮೇಧಾ ಕೈ ಚಾಚಿ ಕುಳಿತಿದ್ದಾಳೆ. ಬಲಗೈ. ಗ್ಲಾಸು ಹಿಡಿಯುವ ಕೈ. ಮೋಹಿತೆ ವಹಿನಿ ಧಾರಾಳ ಮನಸ್ಸಿನವರು, ಗೀಟೆಳೆದಂತೆ ಉದ್ದಕ್ಕೆ ಹಚ್ಚಿದರು.

ಮೇಧಾ ನನ್ನತ್ತ ನೋಡಿ ನಕ್ಕಳು. ಸಭ್ಯ ಸೊಸೆ ಎಂದು ನಾನು ಮೆಚ್ಚಲಿ ಎಂಬಂತಿತ್ತು ಆ ನಗೆ. ಅವಳಿಗೆ ಅದು ಬರೀ ಒದ್ದೆ. ನೀರು ಹಚ್ಚಿದಂತೆ; ಬೇರೆಯವರಿಗೆ ವಾಸನೆ ಬಡಿಯುತ್ತದೆಂಬುದನ್ನೂ ಮರೆತಿದ್ದಳು.

ಹೊರಗೆ ಬಂದೊಡನೆ ಕೈ ತೊಳೆಸಬೇಕೆಂದು ಅವಳ ರಟ್ಟೆ ಹಿಡಿದೆ. ಮೆಟ್ಟಿಲಿಳಿಯುವಷ್ಟರಲ್ಲಿ, "ಬಂದ್ಯಾ ಮೇಧಾ? ಇವರು ನಿಮ್ಮ ಅತ್ತಿಯವರೇನು? ನಮಸ್ಕಾರ್ರಿ" ಎಂದು ಇನಾಮದಾರ ಸರ್ ಎದುರಿಗೇ ನಿಂತಿದ್ದರು. ತೆಳ್ಳಗೆ, ಎತ್ತರದ ಮನುಷ್ಯ, ಮೀಸೆ ಸಹ ಇಲ್ಲ. ನಮ್ಮ ಜೊತೆಗೇ ನಡೆದರು. ಕನ್ನಡದಲ್ಲಿ ಹೇಳುವಂತಿಲ್ಲ, ಮರಾಠಿಯಲ್ಲಿ ಹೇಳುವಂತಿಲ್ಲ. "ಮೇಧಾ, ಕೈಕಾಲು ತೊಳ್ಕೊಂಡು ಹೋಗೂಣೇನು?" ಎಂದೆ. "ಈಗೇನು ಗುಡಿಗೆ ಹೊಂಟೇವೇನ್ರಿ ಅತ್ಯಾ" ಎಂದಳು ಆ ಪುಣ್ಯಾತ್ಗಿತ್ತಿ. ಸರ್ ಅವರ ಮೂಗಿನ ಹೊಳ್ಳೆ ಒಮ್ಮೆ ಅಗಲವಾದದ್ದನ್ನು ನಾನು ನೋಡಿದೆ. ಅವರು ಮುಂದೆ ನಡೆದು ಬಾಗಿಲು ತೆರೆದರು.

ಮೂಸುವ ಕೋಣೆ ಬಿಳಿ ಗೋಡೆಗಳದು. ಒಂದು ಮೇಜು, ಅದರ ಮೇಲೆ ಗಾಜಿನ ಮುಚ್ಚಳ ಹಾಕಿದ ಗ್ಲಾಸುಗಳು. ನಾನು ಗೋಡೆಯ ಹತ್ತಿರದ ಕುರ್ಚಿಯಲ್ಲಿ, ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟು ಕುಳಿತೆ. ನನ್ನದನ್ನು ಬಚ್ಚಿಟ್ಟರೇನು? ಬಾಗಿಲು ಮುಚ್ಚಿದ್ದೇ ತಡ, ಕೋಣೆಯ ತುಂಬ ಹೀನಾ. ಮೇಧಾ ಮುಚ್ಚಳ ತೆಗೆದು, ಗ್ಲಾಸನ್ನು ಮೂಗಿಗೆ ಒಯ್ದಳು. ಗ್ಲಾಸಿನ ಅಂಚಿಗೂ ಹಿಂಗೈಯ ಆ ಹೊಳೆಯುವ ಗೀಟಿಗೂ ನಡುವೆ ಬೆರಳಿನಷ್ಟು ಜಾಗವಿರಲಿಲ್ಲ.

"ಹೇಳು" ಎಂದರು ಸರ್.

ಅವಳು ನನ್ನತ್ತ ನೋಡಿದಳು. ಬಳೆ ತಿರುವಲೋ, ಸೆರಗು ಹೊದೆಯಲೋ? ಗ್ಲಾಸು ನನ್ನ ತನಕ ಬಂದಿರಲಿಲ್ಲ, ಬಂದರೂ ಅತ್ತರಿನ ಹೊರತು ನನಗೇ ಏನೂ ತಿಳಿಯುತ್ತಿರಲಿಲ್ಲ. ಅವಳು ಬಣ್ಣ ನೋಡಿ, ಹಳೆಯ ನೆನಪಿನಿಂದ ಹೇಳತೊಡಗಿದಳು. ಜೇನು, ಒಣದ್ರಾಕ್ಷಿ, ಸ್ವಲ್ಪ ಕಟ್ಟಿಗೆ.

"ಮತ್ತ?"

"ಅಷ್ಟ ಸರ್."

"ಸಾವಕಾಶ ಮೂಸು. ಬ್ಯಾರೆ ಏನೂ ಇಲ್ಲ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತುಬಿಟ್ಟೆ. "ಅದು ನಂದರಿ. ಮೋಹಿತೆಯವರ ಮನ್ಯಾಗ ಅತ್ತರು ಹಚ್ಚಿದ್ರು. ನಾ ಹೊರಗ ಹೋಗತೇನಿ, ನೀವು ನಡಸ್ರಿ."

ಮೇಧಾ ಬೆಚ್ಚಿ ತನ್ನ ಹಿಂಗೈ ನೋಡಿಕೊಂಡಳು. ಹೊರಳಿಸಿ ನೋಡಿದಳು. ಅದನ್ನು ಮೂಗಿಗೆ ಹಿಡಿದು ಉಸಿರೆಳೆದಳು, ಮತ್ತೆ ಎಳೆದಳು. ಅದನ್ನು ನೋಡುವ ಸಂಕಟ ಯಾವ ಅತ್ತೆಗೂ ಬೇಡ. ಆಮೇಲೆ ಗ್ಲಾಸನ್ನು ಮೇಜಿನ ಮೇಲಿಟ್ಟು, ಮುಚ್ಚಳ ಮುಚ್ಚಿದಳು.

"ಅತ್ಯಾ, ಕೂಡ್ರಿ. ಸರ್, ಆಷಾಢದಾಗಿಂದ ನನಗ ಏನೂ ವಾಸನಿ ಬರೂದಿಲ್ಲ."

"ಬಂಗಲೆಯಿಂದ ನಿನ್ನ ಜೋಡಿ ನಡದು ಬಂದೆ" ಎಂದರು ಇನಾಮದಾರ ಸರ್. "ನೀ ಹೇಳತಿ ಅಂತ ಹಾದಿ ನೋಡಿದೆ." ಈಗ ದನಿ ಗಟ್ಟಿಯಾಯಿತು. "ನಾಶಿಕದಾಗ ಆರಿಸಿ ಬಂದ್ಯಲ್ಲ, ಅದು ಯಾರ ಮೂಗು?"

ನಾನು ಕ್ಲಾಸಿನ ಹುಡುಗಿಯಂತೆ ಕೈ ಎತ್ತಿದೆ. ಕೈಯ ಜೊತೆ ಅತ್ತರಿನ ವಾಸನೆಯೂ ಎದ್ದಿತು.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿಮ್ಮ ಮೂಗು ಛಲೋನ ಇರಬಹುದ್ರಿ. ಆದರ ಅವನ್ನೆಲ್ಲಾ ಈಗ ನಾ ಹೋಗಿ ಮತ್ತ ಮೂಸಬೇಕು." ಬಳಿಕ ಮೇಧಾಳ ಕಡೆ ತಿರುಗಿದರು. "ಮೂಗು ಹೋಗೂದು ನಿನ್ನ ಕೈಯಾಗ ಇರಲಿಲ್ಲ. ಹೇಳೂದು ಇತ್ತು. ಇನ್ನೊಂದು ದಸರಾ ತನಕಾ ನಾ ಕುರ್ಚಿ ಬಿಡೂದಿಲ್ಲ, ಕಂಪನಿಗೆ ಹೇಳತೇನಿ. ಅಷ್ಟರಾಗ ಬಂತಂದ್ರ ಇದ ಕೋಣಿಗೆ ಬಾ. ಬರಲಿಲ್ಲಂದ್ರ ನೀನ ಬಂದು ಹೇಳು. ಮತ್ತೊಬ್ಬರನ್ನ ಕರಕೊಂಡು ಬರಬ್ಯಾಡ."

ತಿರುಗಿ ಬರುವಾಗ ದಿವೆ ಘಾಟಿನ ಮೇಲೆ ಕಾರು ನಿಲ್ಲಿಸಿದಳು. ಕೆಳಗೆ ಪುಣೆ ಮಬ್ಬಾಗಿ ಹರಡಿತ್ತು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ತನ್ನ ಕೈಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಇದು ಹೆಂಗ ಅದ ಹೇಳ್ರಿ" ಎಂದಳು.

"ಮೊದಲನೇ ಮಳಿ ಬಿದ್ದ ಮಣ್ಣಿನಂಗ. ಟ್ರಂಕಿನ್ಯಾಗ ಭಾಳ ದಿನಾ ಇಟ್ಟ ರೇಶಿಮಿ ಸೀರಿಯಂಗ" ಎಂದೆ.

"ಸಾಕ್ರಿ" ಎಂದಳು.

ಮನೆಗೆ ಬಂದು ಪ್ರಹ್ಲಾದನಿಗೂ ಮಾವನಿಗೂ ತಾನೇ ಎಲ್ಲ ಹೇಳಿದಳು. ಖಂಡೇನವಮಿಯ ದಿನ ಆಯುಧಗಳ ಪೂಜೆಗೆ ನಾನು ಕತ್ತರಿ, ಈಳಿಗೆ, ಹೊಲಿಗೆ ಮಶಿನ್ನಿನ ಸಾಲಿನಲ್ಲಿ ಅವಳ ಮೂಸುವ ಗ್ಲಾಸನ್ನೂ ಇಟ್ಟೆ. ನಮ್ಮ ಯಜಮಾನರು ನೋಡಿ ಅದಕ್ಕೂ ಒಂದು ಹೂ ಏರಿಸಿದರು. ಮೇಧಾ ಬಂದವಳು ಗ್ಲಾಸನ್ನೆತ್ತಿ, ಒರೆಸಿ, ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು.

ಆ ವರ್ಷವಿಡೀ ಕಂಪನಿಯಲ್ಲಿ ಅವಳಿಗೆ ಪೀಪಾಯಿಗಳ ಗೋದಾಮಿನ ಕೆಲಸ. ಮನೆಯಲ್ಲಿ ಬೆಳಿಗ್ಗೆ ಸಂಜೆ ಲವಂಗ, ನಿಂಬೆ, ಗುಲಾಬಿಯ ಪುಟ್ಟ ಸೀಸೆಗಳನ್ನು ಮೂಗಿಗೆ ಹಿಡಿದು ಕುಳಿತಿರುತ್ತಿದ್ದಳು. ನಡುವೆ ಕೆಲವು ತಿಂಗಳು ವಾಸನೆಗಳು ತಲೆಕೆಳಗಾಗಿ ಬಂದವು: ಕಾಫಿ ಸುಟ್ಟ ರಬ್ಬರಿನಂತೆ ನಾರುತ್ತದೆಂದು ಎದ್ದು ಹೋಗುವಳು, ನನ್ನ ಸಾರಿನ ಒಗ್ಗರಣೆಗೆ ಓಕರಿಸುವಳು. ಮೊಸರನ್ನದ ಮೇಲೆ ಜೀವ ಹಿಡಿದಳು. ನಾನು ದಿನಾ ಬಂತೇನು, ಬಂತೇನು ಎಂದು ಕೇಳಿ ಕೇಳಿ, ಯುಗಾದಿಯ ಸುಮಾರಿಗೆ ಅವಳು ಕೈ ಮುಗಿದಳು. "ಅತ್ಯಾ, ಕೇಳಬ್ಯಾಡ್ರಿ. ಯಾರೂ ಕೇಳಬ್ಯಾಡ್ರಿ."

ಕೇಳಲಿಲ್ಲ. ಸುಮ್ಮನೆಯೂ ಇರಲಿಲ್ಲ. ಒಂದು ದಿನ ಇಂಗಿನ ಡಬ್ಬಿಯನ್ನು ತೆರೆದು ಅವಳ ಕುರ್ಚಿಯ ಹಿಂದೆ ಮೆಲ್ಲಗೆ ಇಟ್ಟೆ. "ಡಬ್ಬಿ ಮುಚ್ಚ್ರಿ ಅತ್ಯಾ" ಎಂದಳು, ತಲೆ ಸಹ ಎತ್ತದೆ. ವಾಸನೆ ಬಂತೋ, ನಾನು ಇಟ್ಟದ್ದನ್ನು ಕಿಟಕಿಯ ಗಾಜಿನಲ್ಲಿ ನೋಡಿದಳೋ, ದೇವರಿಗೇ ಗೊತ್ತು.

ಈ ಸಲ ಬಾರಾಮತಿಗೆ ಹೊರಡುವ ಹಿಂದಿನ ದಿನ ಬಂದು, "ನೀವೂ ಬರ್ರಿ. ಮೂಗಿಗೆ ಅಲ್ಲ, ಹಂಗ ಬರ್ರಿ" ಎಂದಳು. ಇನಾಮದಾರ ಸರ್ ಕಾಯುತ್ತಿದ್ದರು. ಅವಳು ಹೋಗುತ್ತಿದ್ದುದು ಕುರ್ಚಿ ಹಿಡಿಯಲಿಕ್ಕೋ, ಇನ್ನು ಆಗುವುದಿಲ್ಲ ಎಂದು ತಾನೇ ಹೇಳಲಿಕ್ಕೋ, ನನಗೆ ತಿಳಿಯದು. ದಾರಿಯಲ್ಲಿ ಸಕ್ಕರೆ ಕಾರ್ಖಾನೆಗಳು ಬಂದಾಗ ಗಾಜುಗಳು ಮೊದಲೇ ಮುಚ್ಚಿದ್ದವು, ಎ.ಸಿ. ಹಾಕಿದ್ದಳು. ಅದರಿಂದಲೂ ಏನೂ ತಿಳಿಯಲಿಲ್ಲ. ಮೋಹಿತೆ ವಹಿನಿ ಮತ್ತೆ ಗೇಟಿನಲ್ಲೇ ಹಿಡಿದರು. ಈ ಸಲ ಸುತ್ತಲಿನ ಹೆಂಗಸರೆಲ್ಲ ಬಂದಿದ್ದರು, ಹಾಗಾಗಿ ಸಾಲು ಉದ್ದವಾಗಿತ್ತು.

ಅತ್ತರದಾನಿ ನನ್ನ ಹತ್ತಿರ ಬಂತು. ಕೈ ಚಾಚಿದೆ. ನನ್ನ ಹಿಂಗೈಗೆ ಉದ್ದಕ್ಕೆ ಒಂದು ಗೀಟು. ವಹಿನಿ ಒಂದು ಹೆಜ್ಜೆ ಸರಿದು ಮೇಧಾಳ ಮುಂದೆ ಬಗ್ಗಿದರು. ಅವಳ ಬಲಗೈ ತೊಡೆಯ ಮೇಲಿಂದ ಸ್ವಲ್ಪ ಎದ್ದಿತು. ಎದ್ದದ್ದು ಸರಕ್ಕನೆ ಬೆನ್ನ ಹಿಂದೆ ಹೋಯಿತು.

"ನಕೋ, ವಹಿನಿ" ಎಂದಳು.

ವಹಿನಿಯ ಮುಖ ಸಪ್ಪಗಾಯಿತು. ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ನವರಾತ್ರಿಯಲ್ಲಿ ಮುತ್ತೈದೆಯೊಬ್ಬಳು ಬೇಡ ಎಂದದ್ದನ್ನು ಅವರು ಕೇಳಿರಲಿಕ್ಕಿಲ್ಲ. ನಾನು ನನ್ನ ಇನ್ನೊಂದು ಕೈಯನ್ನೂ ಚಾಚಿದೆ. "ಅವಳದ್ದೂ ನನಗೇ ಹಚ್ಚಿ" ಎಂದೆ ಮರಾಠಿಯಲ್ಲಿ. ಎರಡೂ ಕೈಗೆ ಅತ್ತರು ಹಚ್ಚಿಸಿಕೊಂಡು, ಉಡಿಯ ಕಾಯಿ ಹಿಡಿದು ಎದ್ದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಅವಳ ರಟ್ಟೆ ಹಿಡಿಯಹೋದರೆ, ಮೂಗು ಸೊಟ್ಟ ಮಾಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅತ್ಯಾ, ನೀವು ಒಳಗ ಬರಬ್ಯಾಡ್ರಿ. ಭಾಳ ವಾಸನಿ ಬ‍ಡೀಲಿಕತ್ತದ."

"ಬಂತೇನ?" ಎಂದು ಕೇಳಿಯೇಬಿಟ್ಟೆ.

ಮೇಧಾ ಆಗಲೇ ಮುಂದೆ ಹೊರಟಿದ್ದಳು. ಮೂಸುವ ಕೋಣೆಯ ಬಾಗಿಲಲ್ಲಿ ಇನಾಮದಾರ ಸರ್ ನಿಂತಿದ್ದರು. ಹೋಗಿ ಅವರ ಪಾದ ಮುಟ್ಟಿ ಒಳಗೆ ನಡೆದಳು. ಬಾಗಿಲು ಮುಚ್ಚಿಕೊಂಡಿತು. ನಾನು ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ನಾರುತ್ತ ಕುಳಿತೆ.